ಪ್ರತಿಕ್ರಿಯೆ: ಅಘನಾಶಿನಿ ಮಾಡೆಲ್, ಪ್ರತಿ ಸಲ ಬೇರೆ ಉತ್ತರ

ಅಘನಾಶಿನಿ ಹೊಳೆಯ ಹರಿವು ಲೆಕ್ಕ ಹಾಕುವ ನಿಮ್ಮ ಮಾಡೆಲ್‌ಗೆ ಮಳೆ ಡೇಟಾ ಬದಲಾದಾಗಲೆಲ್ಲ ಎಕ್ಸೆಲ್‌ನಲ್ಲಿ ಮೊದಲಿಂದ ಮಾಡಬೇಕು, ಹಳೇ ಫಲಿತಾಂಶ ಮತ್ತೆ ಬರೋದಿಲ್ಲ ಅಂದಿರಿ. ಸ್ವಾಟ್ (SWAT, ಮಳೆಯಿಂದ ಹೊಳೆಯ ಹರಿವು ಲೆಕ್ಕ ಹಾಕುವ ಮಾಡೆಲ್) ಬಿಟ್ಟು ಬೇರೆ ಮಾಡೆಲ್ ಹುಡುಕಬೇಡಿ, ತೊಂದರೆ ಅಲ್ಲಿಲ್ಲ.

ಮೂಲ ಡೇಟಾದ ಫೋಲ್ಡರನ್ನು ಮುಟ್ಟಲೇಬೇಡಿ. ತಿದ್ದುಪಡಿಯೆಲ್ಲ ಪೈಥಾನ್ ಸ್ಕ್ರಿಪ್ಟ್‌ನಲ್ಲಿರಲಿ, ಸ್ಕ್ರಿಪ್ಟ್ ಗಿಟ್‌ನಲ್ಲಿರಲಿ (ಫೈಲಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ತಂತ್ರಾಂಶ). ಪ್ರತಿ ರನ್ನಿನ ಪ್ಯಾರಾಮೀಟರ್ (ಮಾಡೆಲ್‌ನಲ್ಲಿ ನಾವು ಹೊಂದಿಸುವ ಅಂಕಿಗಳು) ಫೈಲನ್ನು ಅದರ ಫಲಿತಾಂಶದ ಜೊತೆಗೇ ಇಡಿ.

ಮಾಡೆಲ್ ಓಡಿಸುವ ಮೊದಲು ತಾರೀಖು ನೋಡಿ. ಇದನ್ನು ತುಂಬಾ ಜನ ಬಿಟ್ಟುಬಿಡ್ತಾರೆ. ಹವಾಮಾನ ಇಲಾಖೆಯ ದಿನದ ಮಳೆ ಎಂದರೆ ಬೆಳಿಗ್ಗೆ 8.30ಕ್ಕೆ ಮುಗಿಯುವ 24 ಗಂಟೆಯ ಮಳೆ. ಜುಲೈ 10 ಅಂತ ಬರೆದಿರುವುದರಲ್ಲಿ ಜಾಸ್ತಿ ಪಾಲು 9ನೇ ತಾರೀಖಿನದು. ಹೊಳೆಯ ಹರಿವಿನ ತಾರೀಖು ಬೇರೆ ಲೆಕ್ಕದ್ದಾದರೆ ನೆರೆ ಒಂದು ದಿನ ಆಚೀಚೆ ಆಗುತ್ತೆ. ನೀವು ಸುಮ್ನೆ ಪ್ಯಾರಾಮೀಟರ್ ತಿರುಚುತ್ತಾ ಕೂರುತ್ತೀರಿ. ನಮ್ಮ ಘಟ್ಟದ ಹೊಳೆಗಳು ಅಷ್ಟು ಬೇಗ ಏರುತ್ತವೆ, ಅಲ್ವಾ?

ಇನ್ನೊಂದು, ಹವಾಮಾನ ಇಲಾಖೆಯ ಮಳೆ ಡೇಟಾದ 0.25 ಡಿಗ್ರಿ ಚೌಕ ಸುಮಾರು 27 ಕಿಲೋಮೀಟರ್ ಅಗಲ, ಅಷ್ಟಕ್ಕೂ ಒಂದೇ ಮಳೆ ಅಂಕಿ. ಕುಮಟಾ ಕರಾವಳಿ, ಘಟ್ಟ, ಶಿರಸಿ, ಮೂರರ ಮಳೆಯೂ ಬೇರೆ. ಸಿಕ್ಕಷ್ಟು ಮಳೆಮಾಪಕಗಳ ಲೆಕ್ಕದ ಜೊತೆ ಹೋಲಿಸಿ.

ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ, ಅದು ನಿಮಗೆ ಅನುಕೂಲ. ಮುಂದೆ ಕಾಳಿ ಹೊಳೆಗೆ ಹೋದರೆ ಸೂಪಾ, ಕದ್ರಾ ಅಣೆಕಟ್ಟುಗಳಿಂದ ಬಿಟ್ಟ ನೀರಿನ ಲೆಕ್ಕವೂ ಬೇಕು. ಸ್ಕ್ರಿಪ್ಟ್ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಇಲ್ಲೇ ಹಾಕಿ, ನೋಡುತ್ತೇನೆ.