ಬಾತ್‌ಟಬ್ ಪಕ್ಕದ ಗೋಡೆ: ಸಿಮೆಂಟ್ ಬೋರ್ಡ್ ಎಲ್ಲಿ ಮುಗಿಯಬೇಕು?

ಅಮೆರಿಕಕ್ಕೆ ಬಂದು ಎರಡು ವರ್ಷವಾಯಿತು, ಹಳೇ ಮನೆ ಕೊಂಡಿದ್ದೀರಿ, ಬಾತ್‌ಟಬ್ ಮೇಲಿನ ಟೈಲ್ಸ್ ಒತ್ತಿದರೆ ಗೋಡೆ ಮೆತ್ತಗೆ ಒಳಗೆ ಹೋಗುತ್ತದೆ ಅಂತ ಬರೆದಿದ್ದೀರಿ. ಅಲ್ಲಿಗೆ ಸಿಮೆಂಟ್ ಬೋರ್ಡ್ (ಟೈಲ್ಸ್ ಹಿಂದೆ ಹಾಕುವ ಸಿಮೆಂಟ್ ಹಲಗೆ) ಹಾಕಿದರೆ ಪಕ್ಕದ ಡ್ರೈವಾಲ್‌ಗೆ, ಅಂದರೆ ಜಿಪ್ಸಮ್ ಹಲಗೆಯ ಗೋಡೆಗೆ, ಹೇಗೆ ಸೇರಿಸೋದು ಅನ್ನೋದು ನಿಮ್ಮ ಪ್ರಶ್ನೆ. ಹೆದರಬೇಡಿ, ಇದು ನಿಧಾನವಾಗಿ ಮಾಡಿದರೆ ಕೈಗೆ ಸಿಗುವ ಕೆಲಸ.

ನಾವು ಬೆಳೆದದ್ದು ಇಟ್ಟಿಗೆ, ಗಿಲಾವಿನ ಗೋಡೆಗಳ ನಡುವೆ. ಇಲ್ಲಿ ಗೋಡೆ ಅಂದರೆ ಸಾಮಾನ್ಯವಾಗಿ 16 ಇಂಚಿಗೊಂದು ಮರದ ಸ್ಟಡ್ (ನೆಟ್ಟಗೆ ನಿಲ್ಲಿಸಿದ ಮರದ ಪಟ್ಟಿ), ಅದರ ಮೇಲೆ ಜಿಪ್ಸಮ್ ಹಲಗೆ. ಆ ಹಲಗೆಯ ಎರಡೂ ಬದಿ ಕಾಗದ. ನೀರು ಕುಡಿದರೆ ಕಾಗದ ಬೂಸ್ಟು ಹಿಡಿಯುತ್ತದೆ, ಜಿಪ್ಸಮ್ ಹಿಟ್ಟಾಗುತ್ತದೆ. ನಿಮ್ಮ ಗೋಡೆಗೂ ಬಹುಶಃ ಇದೇ ಆಗಿದೆ. ಹಸಿರು ಕಾಗದದ ಡ್ರೈವಾಲ್ ನೀರು ತಡೆಯುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಟಬ್, ಶವರ್ ಟೈಲ್ಸ್ ಹಿಂದೆ ಅದು ಬೇಡ.

ಒಡೆಯುವ ಮೊದಲು ಇನ್ನೊಂದು ಮಾತು. ಮನೆ 1980ಕ್ಕಿಂತ ಹಳೆಯದಾದರೆ ಗೋಡೆಯ ಒಂದು ಚೂರನ್ನು ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿ. ಆ ಕಾಲದ ಜಾಯಿಂಟ್ ಕಾಂಪೌಂಡ್‌ನಲ್ಲಿ, ಅಂದರೆ ಹಲಗೆಗಳ ಸಂದು ಮುಚ್ಚುವ ಲೇಪದಲ್ಲಿ, ಎಷ್ಟೋ ಸಲ ಆಸ್ಬೆಸ್ಟಾಸ್ (ಉಸಿರಲ್ಲಿ ಹೋದರೆ ಶ್ವಾಸಕೋಶಕ್ಕೆ ಕೆಡುಕಾದ ನಾರು) ಇರುತ್ತಿತ್ತು. ಮನೆಯಲ್ಲಿ ಮಕ್ಕಳಿದ್ದರಂತೂ ಇದನ್ನು ಬಿಡಲೇಬೇಡಿ.

ಈಗ ಜೋಡಣೆ. ಬೋರ್ಡ್ ಕತ್ತರಿಸುವ ಮೊದಲೇ ಟೈಲ್ಸ್ ಎಲ್ಲಿ ಮುಗಿಯುತ್ತದೆ ಅಂತ ಗೋಡೆ ಮೇಲೆ ಪೆನ್ಸಿಲ್ ಗೆರೆ ಹಾಕಿ. ಉಳಿದದ್ದೆಲ್ಲ ಆ ಗೆರೆಯಿಂದ ತೀರ್ಮಾನವಾಗುತ್ತದೆ. ಸಿಮೆಂಟ್ ಬೋರ್ಡ್ ಟಬ್‌ನ ಹೊರ ಅಂಚು ದಾಟಿ ಎರಡು ಮೂರು ಇಂಚು ಹೋಗಲಿ. ಟೈಲ್ಸ್ ಅದನ್ನೂ ದಾಟಿ, ಡ್ರೈವಾಲ್ ಮೇಲೆ ಸ್ವಲ್ಪ ಕೂರಲಿ. ಆಗ ಸಂದು ಟೈಲ್ಸ್ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಡ್ರೈವಾಲ್ ಭಾಗಕ್ಕೆ ಶವರ್ ನೀರು ನೇರವಾಗಿ ಬೀಳೋದಿಲ್ಲ.

ಆ ಸಂದಿನ ಹಿಂದೆ ಮರ ಇರಲೇಬೇಕು. ಇಲ್ಲದಿದ್ದರೆ ಹೊಸದಾಗಿ ಒಂದು ಟೂ ಬೈ ಫೋರ್ (ಸ್ಟಡ್‌ಗೆ ಬಳಸುವ ಅಳತೆಯ ಮರ) ನಿಲ್ಲಿಸಿ, ಎರಡೂ ಬೋರ್ಡ್‌ಗಳ ಅಂಚನ್ನು ಅದಕ್ಕೇ ಸ್ಕ್ರೂ ಮಾಡಿ. ನನ್ನ ಮೊದಲ ಮನೆಯಲ್ಲಿ ನಾನು ಆ ಮರ ಹಾಕಲಿಲ್ಲ. ಒಂದೇ ಚಳಿಗಾಲ ಕಳೆಯುವಷ್ಟರಲ್ಲಿ ಗ್ರೌಟ್‌ನಲ್ಲಿ (ಟೈಲ್ಸ್ ನಡುವಿನ ಸಂದು ತುಂಬುವ ಗಾರೆಯಲ್ಲಿ) ಮೇಲಿಂದ ಕೆಳಗೆ ಬಿರುಕು ಬಂತು. ಆ ಸಾಲು ಪೂರ್ತಿ ಕಿತ್ತು ಮತ್ತೆ ಮಾಡಬೇಕಾಯಿತು. ನಿಮಗೆ ಹಾಗಾಗೋದು ಬೇಡ.

ದಪ್ಪವನ್ನೂ ನೋಡಿಕೊಳ್ಳಿ. ಡ್ರೈವಾಲ್ ಸಾಮಾನ್ಯವಾಗಿ ಅರ್ಧ ಇಂಚು, ಅಂದರೆ ಸುಮಾರು 12.7 ಮಿಲಿಮೀಟರ್. ಆದರೆ ಅರ್ಧ ಇಂಚು ಅಂತ ಮಾರುವ ಕೆಲವು ಫೈಬರ್ ಸಿಮೆಂಟ್ ಬೋರ್ಡ್ ಅಳೆದರೆ 0.42 ಇಂಚು ಮಾತ್ರ. ಎರಡರ ಮೇಲೂ ನೇರ ಪಟ್ಟಿ ಇಟ್ಟು ನೋಡಿ. ತಗ್ಗಿದ್ದ ಕಡೆ ಬೋರ್ಡ್ ಹಿಂದೆ, ಸ್ಟಡ್ ಮೇಲೆ, ರಟ್ಟಿನ ಶಿಮ್ ಪಟ್ಟಿ ಕೊಟ್ಟು ಸಮ ಮಾಡಿ. ದೊಡ್ಡ ಟೈಲ್ಸ್ ಹಾಕುವವರಿಗೆ ಈ ಸಣ್ಣ ಮೆಟ್ಟಿಲೇ ದೊಡ್ಡ ತಲೆನೋವು.

ಸ್ಕ್ರೂ ಸಿಮೆಂಟ್ ಬೋರ್ಡ್‌ಗೆಂದೇ ಮಾಡಿದ್ದಿರಲಿ, ಸುಮಾರು 8 ಇಂಚಿಗೊಂದು. ಡ್ರೈವಾಲ್ ಸ್ಕ್ರೂ ಇಲ್ಲಿ ತುಕ್ಕು ಹಿಡಿಯುತ್ತದೆ. ಎರಡು ಬೋರ್ಡ್ ನಡುವೆ ಕಾಲು ಇಂಚಿನ ಅರ್ಧದಷ್ಟು ಸಂದು ಬಿಟ್ಟು ಥಿನ್‌ಸೆಟ್ (ಟೈಲ್ಸ್ ಅಂಟಿಸುವ ಸಿಮೆಂಟ್ ಗಾರೆ) ತುಂಬಿ. ಮೇಲೆ ಕ್ಷಾರ ತಡೆಯುವ ಫೈಬರ್‌ಗ್ಲಾಸ್ ಮೆಶ್ ಟೇಪ್ ಅಂಟಿಸಿ, ಮತ್ತೆ ತೆಳ್ಳಗೆ ಥಿನ್‌ಸೆಟ್ ಎಳೆಯಿರಿ. ಟೈಲ್ಸ್ ಅಡಿಯಲ್ಲಿ ಡಬ್ಬದ ರೆಡಿಮೇಡ್ ಜಾಯಿಂಟ್ ಕಾಂಪೌಂಡ್ ಬೇಡ, ತೇವ ತಾಗಿದರೆ ಅದು ಮತ್ತೆ ಮೆತ್ತಗಾಗುತ್ತದೆ. ಸಂದು ಟೈಲ್ಸ್ ಹೊರಗೆ ಉಳಿದು ಬಣ್ಣ ಬಳಿಯಲೇಬೇಕಾದರೆ, ಪುಡಿಯನ್ನು ನೀರಲ್ಲಿ ಕಲಸಿದಾಗ ತಾನೇ ಗಟ್ಟಿಯಾಗುವ ಬಗೆಯ ಕಾಂಪೌಂಡ್ ಬಳಸಿ.

ಸಿಮೆಂಟ್ ಬೋರ್ಡ್ ನೀರಲ್ಲಿ ಕೆಡೋದಿಲ್ಲ, ಆದರೆ ನೀರನ್ನು ತಡೆಯೋದೂ ಇಲ್ಲ, ಹಿಂದಕ್ಕೆ ಬಿಡುತ್ತದೆ. ಹಾಗಾಗಿ ಹಿಂದೆ ಪ್ಲಾಸ್ಟಿಕ್ ಶೀಟ್ ಹಾಕಿ, ಇಲ್ಲವೇ ಮುಂದೆ ವಾಟರ್‌ಪ್ರೂಫ್ ಮೆಂಬ್ರೇನ್ ಬಳಿಯಿರಿ. ಎರಡನ್ನೂ ಹಾಕಿದರೆ ನಡುವೆ ತೇವ ಸಿಕ್ಕಿಕೊಳ್ಳುತ್ತದೆ. ನಾನು ಈಗ ಮೆಂಬ್ರೇನ್ ಅನ್ನೇ ಬಳಿಯುತ್ತೇನೆ, ಸಂದಿನ ಟೇಪ್ ಮೇಲೂ ಸೇರಿಸಿ.

ಬೋರ್ಡ್ ಟಬ್‌ಗೆ ತಾಗಬಾರದು. ಕಾಲು ಇಂಚು ಮೇಲಕ್ಕೆ ನಿಲ್ಲಿಸಿ. ಟೈಲ್ಸ್ ಮತ್ತು ಟಬ್ ನಡುವೆ ಗ್ರೌಟ್ ಬದಲು ಸಿಲಿಕೋನ್ ಹಾಕಿ. ಹಾಕುವಾಗ ಟಬ್ ತುಂಬ ನೀರಿರಲಿ, ಆ ಭಾರಕ್ಕೆ ಟಬ್ ಎಷ್ಟು ಇಳಿಯಬೇಕೋ ಅಷ್ಟು ಇಳಿದಿರುತ್ತದೆ.

ಹಳೇ ಗೋಡೆ ತೆಗೆದ ಮೇಲೆ ಹೊಸ ಬೋರ್ಡ್ ಹಾಕಲು ಅವಸರ ಬೇಡ. ಟಬ್ ಹಿಂದಿನ ಸ್ಟಡ್‌ಗಳ ಬುಡಕ್ಕೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಸುಲಭವಾಗಿ ಒಳಗೆ ಹೋದರೆ ಫೋಟೊ ತೆಗೆದು ಕಳಿಸಿ, ಆ ಮರವನ್ನು ಹೇಗೆ ಬದಲಾಯಿಸೋದು ಅಂತ ಹೇಳುತ್ತೇನೆ.