ಫಾರ್ಮ್ಯಾಟ್ ಹೊಡೆಯುವ ಮುಂಚೆ ಹಳೇ ಡಿಸ್ಕ್ ಬಿಚ್ಚಿಡಿ

ಪ್ರಶ್ನೆ: ಸರ್, ಮೂಡಿಗೆರೆ ಹತ್ತಿರದ ಕಾಫಿ ತೋಟವೊಂದರಲ್ಲಿ ರೈಟರ್ (ಲೆಕ್ಕ ಬರೆಯುವವ) ಆಗಿದ್ದೇನೆ. ಆಫೀಸಿನ ಲ್ಯಾಪ್‌ಟಾಪ್ 2019ರಲ್ಲಿ ತಗೊಂಡಿದ್ದು. ಐ5 ಎಂಟನೇ ಜನರೇಷನ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್, ವಿಂಡೋಸ್ 10. ಆನ್ ಮಾಡಿ ಕಾಫಿ ಕುಡಿದು ಬಂದರೂ ಚಕ್ರ ಸುತ್ತುತ್ತಲೇ ಇರುತ್ತದೆ. ಪೇಟೆಯ ಅಂಗಡಿಯವರು 'ಫಾರ್ಮ್ಯಾಟ್ ಹೊಡೆದು ಹೊಸದಾಗಿ ವಿಂಡೋಸ್ ಹಾಕೋಣ, ಡಿ ಡ್ರೈವ್‌ಗೆ ಏನೂ ಆಗಲ್ಲ' ಅಂತಾರೆ. ಚೆಕ್‌ರೋಲ್ (ಆಳುಗಳ ಹಾಜರಿ-ಕೂಲಿ ಪಟ್ಟಿ), ಟ್ಯಾಲಿ ತಂತ್ರಾಂಶದ ಲೆಕ್ಕ, ನುಡಿಯಲ್ಲಿ ಟೈಪ್ ಮಾಡಿದ ಪತ್ರ ಎಲ್ಲ ಅದರಲ್ಲೇ ಇದೆ. ಇದನ್ನು ನಾನೇ ಮಾಡಬಹುದಾ? ಸಿಡಿ, ಕೀ ಯಾವುದೂ ನನ್ನ ಹತ್ತಿರ ಇಲ್ಲ.

ಉತ್ತರ: ನೀವೇ ಮಾಡಬಹುದು. ಆದರೆ ಆ ಹಾರ್ಡ್‌ಡಿಸ್ಕ್ ಮೇಲೆ ಮಾಡಬೇಡಿ.

ಇಂಥ ಲ್ಯಾಪ್‌ಟಾಪ್ ನಿಧಾನವಾಗೋದು ಹೆಚ್ಚಾಗಿ ಒಳಗೆ ತಿರುಗುವ ಹಾರ್ಡ್‌ಡಿಸ್ಕ್‌ನಿಂದ. ಅದೇ ಡಿಸ್ಕ್ ಅಳಿಸಿ ಮತ್ತೆ ವಿಂಡೋಸ್ ಹಾಕಿದರೆ ಕೆಲವು ದಿನ ಚುರುಕಾಗಿ ಕಾಣುತ್ತದೆ. ಅಪ್‌ಡೇಟ್‌ಗಳೆಲ್ಲ ಬಂದು ಕೂತ ಮೇಲೆ ಮತ್ತೆ ಅದೇ ಚಕ್ರ. ಅದರ ಬದಲು 500 ಜಿಬಿಯ ಒಂದು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್) ಕೊಂಡು ಅದಕ್ಕೆ ವಿಂಡೋಸ್ ಹಾಕಿ. ಹಳೇ ಡಿಸ್ಕನ್ನು ಬಿಚ್ಚಿ, ಮುಟ್ಟದೆ ಬೀರುವಿನಲ್ಲಿಡಿ. ಆಮೇಲೆ ಏನಾದರೂ ಬೇಕಾದರೆ ಅದನ್ನೊಂದು ಯುಎಸ್‌ಬಿ ಕೇಸ್‌ಗೆ ಹಾಕಿ ಪೆನ್‌ಡ್ರೈವ್ ಥರ ತೆರೆಯಬಹುದು.

'ಡಿ ಡ್ರೈವ್‌ಗೆ ಏನೂ ಆಗಲ್ಲ' ಅನ್ನೋ ಮಾತು ಅರ್ಧ ಮಾತ್ರ ನಿಜ. ನಿಮ್ಮ ಸಿ ಮತ್ತು ಡಿ ಬೇರೆ ಬೇರೆ ಡಿಸ್ಕ್ ಅಲ್ಲ, ಒಂದೇ ಡಿಸ್ಕಿನ ಎರಡು ಭಾಗ. ಡಿಸ್ಕ್ ಕೆಟ್ಟರೆ ಎರಡೂ ಹೋಗುತ್ತವೆ. ಇನ್ನೊಂದು ಸಂಗತಿ, ವಿಂಡೋಸ್ ಹಾಕುವಾಗ ಬರುವ ಪಟ್ಟಿಯಲ್ಲಿ ಸಿ, ಡಿ ಅಂತ ಇರೋದಿಲ್ಲ. ಡಿಸ್ಕ್ 0 ಪಾರ್ಟಿಷನ್ 1, ಪಾರ್ಟಿಷನ್ 2 ಅಂತ ಸಾಲಾಗಿ ಬರುತ್ತವೆ. ಗಾತ್ರ ನೋಡಿ ಅಂದಾಜು ಮಾಡಬೇಕು. ಅವಸರದಲ್ಲಿ ಒಂದು ಸಾಲು ಹೆಚ್ಚು ಡಿಲೀಟ್ ಆದರೆ ಮುಗೀತು, ವರ್ಷಗಟ್ಟಲೆ ಚೆಕ್‌ರೋಲ್ ಹೋಯಿತು. ಒಳಗೆ ಹೊಸ ಎಸ್‌ಎಸ್‌ಡಿ ಒಂದೇ ಇದ್ದರೆ ತಪ್ಪು ಸಾಲು ಒತ್ತೋ ಪ್ರಶ್ನೆಯೇ ಬರಲ್ಲ, ಅಲ್ವಾ?

ಬಿಚ್ಚುವ ಮುಂಚೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ಉಚಿತ ತಂತ್ರಾಂಶ ಹಾಕಿ ಡಿಸ್ಕಿನ ಆರೋಗ್ಯ ನೋಡಿ. ಹಳದಿ ಬಣ್ಣದಲ್ಲಿ 'ಕಾಷನ್' ಅಂತ ಬಂದರೆ ಬೇರೆಲ್ಲ ಬಿಟ್ಟು ಮೊದಲು ಲೆಕ್ಕಪತ್ರವನ್ನು ಹೊರಗಿನ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ. ನೀಲಿ ಬಂದರೂ ಕಾಪಿ ಮಾಡಿಕೊಳ್ಳೋದು ಒಳ್ಳೇದು.

ಫೈಲುಗಳೇನೋ ಬೀರುವಿನಲ್ಲಿ ಉಳಿಯುತ್ತವೆ. ಹಾಗೆ ಉಳಿಯದೇ ಇರೋವು ಕೆಲವಿವೆ. ಹಳೇ ವಿಂಡೋಸ್ ಇನ್ನೂ ಓಡುತ್ತಿರುವಾಗಲೇ ಅವನ್ನು ನೋಡಿಕೊಳ್ಳಬೇಕು. ಟ್ಯಾಲಿಯ ಲೈಸೆನ್ಸನ್ನು ಟ್ಯಾಲಿ ಒಳಗಿಂದಲೇ ಸರೆಂಡರ್ ಮಾಡಿ, ಹೊಸದರಲ್ಲಿ ಮತ್ತೆ ಆಕ್ಟಿವೇಟ್ ಮಾಡಿಕೊಳ್ಳಬೇಕು. ಟ್ಯಾಲಿ ಡೇಟಾ ಡಿ ಡ್ರೈವ್‌ನಲ್ಲಿದೆ ಅಂದುಕೊಂಡಿದ್ದೀರಿ. ಒಮ್ಮೆ ತೆರೆದು ಡೇಟಾದ ದಾರಿ ನೋಡಿ. ಯಾರೂ ಬದಲಿಸದಿದ್ದರೆ ಅದು ಸಿ ಡ್ರೈವ್‌ನ ಪಬ್ಲಿಕ್ ಫೋಲ್ಡರಿನಲ್ಲಿರೋದೇ ಜಾಸ್ತಿ. ಲ್ಯಾಪ್‌ಟಾಪ್ ಜೊತೆ ಬಂದ ಆಫೀಸ್ ಆದರೆ ಅದು ಮೊದಲ ದಿನ ಯಾರದೋ ಇ-ಮೇಲ್‌ಗೆ ಅಂಟಿಕೊಂಡಿರುತ್ತದೆ. ಆ ಇ-ಮೇಲ್ ಯಾವುದು, ಪಾಸ್‌ವರ್ಡ್ ಏನು ಅಂತ ಈಗಲೇ ಹುಡುಕಿ. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡುಗಳೂ ಹಾಗೇ. ಜಿಎಸ್‌ಟಿಗೆ ಡಿಜಿಟಲ್ ಸಹಿಯ ಟೋಕನ್ ಬಳಸುತ್ತಿದ್ದರೆ ಗಾಬರಿ ಬೇಡ. ಸಹಿ ಇರೋದು ಟೋಕನ್ ಒಳಗೇ, ಟೋಕನ್ನಿನ ಡ್ರೈವರ್ ಮತ್ತು ಜಿಎಸ್‌ಟಿ ಸೈಟಿನ ಎಂಸೈನರ್ ತಂತ್ರಾಂಶ ಮತ್ತೆ ಹಾಕಿದರೆ ಸಾಕು.

ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದೆಯಾ ಅಂತ ಕೂಡ ನೋಡಿ. 'ದಿಸ್ ಪಿಸಿ' ತೆರೆದಾಗ ಡ್ರೈವ್ ಮೇಲೆ ಬೀಗದ ಚಿತ್ರ ಇದ್ದರೆ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಅದು ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತದೆ. ಕೀ ಇಲ್ಲದೆ ಹೋದರೆ ಬೀರುವಿನಲ್ಲಿಟ್ಟ ಡಿಸ್ಕನ್ನು ನೀವೂ ತೆರೆಯಲಾರಿರಿ, ನಾನೂ ತೆರೆಯಲಾರೆ.

ವಿಂಡೋಸ್ ಕೀ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ವಿಂಡೋಸ್ ಸಮೇತ ಬಂದ ಈ ಕಾಲದ ಲ್ಯಾಪ್‌ಟಾಪ್‌ಗಳಲ್ಲಿ ಕೀ ಮದರ್‌ಬೋರ್ಡಿನ ಚಿಪ್‌ನಲ್ಲೇ ಇರುತ್ತದೆ. ಕೇಳಿದರೆ 'ಐ ಡೋಂಟ್ ಹ್ಯಾವ್ ಎ ಪ್ರಾಡಕ್ಟ್ ಕೀ' ಒತ್ತಿ. ಮುಂಚೆ ವಿಂಡೋಸ್‌ನ ಹೋಮ್ ಆವೃತ್ತಿ ಇದ್ದರೆ ಹೋಮ್ ಅನ್ನೇ ಆರಿಸಿ. ನೆಟ್ ಸಿಕ್ಕ ಮೇಲೆ ತಾನೇ ಆಕ್ಟಿವೇಟ್ ಆಗುತ್ತದೆ. 'ಪ್ರೊ ಹಾಕಿ ಆಕ್ಟಿವೇಟ್ ಮಾಡಿಕೊಡ್ತೀನಿ' ಅಂತ ಯಾರಾದರೂ ಅಂದರೆ ಬೇಡ ಅನ್ನಿ. ಅವರು ಹಾಕೋದು ಕ್ರ್ಯಾಕ್, ಅಂದರೆ ಲೈಸೆನ್ಸ್ ಇಲ್ಲದೆ ಆಕ್ಟಿವೇಟ್ ಮಾಡೋ ಕಳ್ಳ ತಂತ್ರಾಂಶ; ಅದು ಓಡಲಿ ಅಂತ ಆಂಟಿವೈರಸ್ ಆಫ್ ಮಾಡಿರುತ್ತಾರೆ. ಬ್ಯಾಂಕ್ ವ್ಯವಹಾರ ಮಾಡೋ ಲ್ಯಾಪ್‌ಟಾಪ್‌ಗೆ ಅದು ಯಾಕೆ ಬೇಕು?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ನಿಮ್ಮ ಎಂಟನೇ ಜನರೇಷನ್ ಐ5ಗೆ ವಿಂಡೋಸ್ 11 ಆಗುತ್ತದೆ, ಅದನ್ನೇ ಹಾಕಿ. 8 ಜಿಬಿಯ ಖಾಲಿ ಪೆನ್‌ಡ್ರೈವ್ ಬೇಕು. ಅದರಲ್ಲಿ ಏನಿದ್ದರೂ ಅಳಿಸಿಹೋಗುತ್ತದೆ. ಮೈಕ್ರೋಸಾಫ್ಟ್ ಸೈಟಿನಿಂದಲೇ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿ, ಪೆನ್‌ಡ್ರೈವ್ ತಯಾರಿಸಿ. ಡೌನ್‌ಲೋಡ್ 5 ಜಿಬಿಗೂ ಮೇಲೆ. ತೋಟದ ನೆಟ್‌ವರ್ಕ್ ನಂಬಿ ಕೂರೋದಕ್ಕಿಂತ ಚಿಕ್ಕಮಗಳೂರಿಗೋ ಹಾಸನಕ್ಕೋ ಬಂದಾಗ ಮುಗಿಸಿಕೊಳ್ಳಿ.

ಹಾಕುವ ಕೆಲಸ ಸಲೀಸು. ಆನ್ ಮಾಡಿದ ಕೂಡಲೇ ಬೂಟ್ ಮೆನುವಿನ ಕೀ ಒತ್ತಿ: ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಪೆನ್‌ಡ್ರೈವ್ ಆರಿಸಿ, ಪಟ್ಟಿಯಲ್ಲಿ ಎಸ್‌ಎಸ್‌ಡಿಯ ಖಾಲಿ ಜಾಗ ಆರಿಸಿ, ನೆಕ್ಸ್ಟ್ ಒತ್ತಿ. ಪಾರ್ಟಿಷನ್‌ಗಳನ್ನು ಅದೇ ಮಾಡಿಕೊಳ್ಳುತ್ತದೆ. ಮೊದಲ ಸಲ ರೀಸ್ಟಾರ್ಟ್ ಆದಾಗ ಯಾವ ಕೀಯನ್ನೂ ಒತ್ತಬೇಡಿ, ಒತ್ತಿದರೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ವೈಫೈ ಕಾಣದೆ ನೆಟ್ ಕೇಳಿ ನಿಂತರೆ ಮೊಬೈಲನ್ನು ಕೇಬಲ್‌ನಲ್ಲಿ ಚುಚ್ಚಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಬ್ಯಾಟರಿ ಪೂರ್ತಿ ಚಾರ್ಜ್ ಇರಲಿ, ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟ್ ಕಥೆ ನಿಮಗೇ ಗೊತ್ತು. ಮಧ್ಯದಲ್ಲಿ ನಿಂತರೂ ಲ್ಯಾಪ್‌ಟಾಪ್ ಹಾಳಾಗಲ್ಲ, ಇನ್ನೊಮ್ಮೆ ಹಾಕಿದರಾಯಿತು. ಕರೆಂಟ್ ಹೋದರೆ ಅಪಾಯ ಇರೋದು ಬಯೋಸ್ (ಮದರ್‌ಬೋರ್ಡಿನ ಮೂಲ ತಂತ್ರಾಂಶ) ಅಪ್‌ಡೇಟ್ ನಡೆಯುವಾಗ. ಅದನ್ನು ಅದೇ ದಿನ ಮಾಡಲು ಹೋಗಬೇಡಿ.

ಎಲ್ಲ ಮುಗಿದು ಹಳೇ ಪತ್ರ ತೆರೆದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಮಧ್ಯೆ ಪೌಂಡ್ ಗುರುತು ಎಲ್ಲ ಕಲಸಿದಂತೆ ಕಂಡರೆ ಫೈಲ್ ಕೆಟ್ಟಿತು ಅಂದುಕೊಳ್ಳಬೇಡಿ. ಹಳೇ ನುಡಿ ಫಾಂಟ್‌ಗಳು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ. ಹೊಸ ವಿಂಡೋಸ್‌ನಲ್ಲಿ ಆ ಫಾಂಟ್ ಇಲ್ಲ, ಅಷ್ಟೇ. ನುಡಿ ಮತ್ತೆ ಹಾಕಿ, ಅಕ್ಷರ ಸರಿಹೋಗುತ್ತದೆ. ಇನ್ನು ಮುಂದಿನ ಪತ್ರಗಳನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿದರೆ ಈ ತಾಪತ್ರಯ ಇರಲ್ಲ.

ಪ್ರಶ್ನೆ: ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. 12ನೇ ಜನರೇಷನ್ ಲ್ಯಾಪ್‌ಟಾಪ್. ವಿಂಡೋಸ್ ಹಾಕುವಾಗ ಪಟ್ಟಿಯಲ್ಲಿ ಡಿಸ್ಕೇ ತೋರಿಸುತ್ತಿಲ್ಲ. ಎಸ್‌ಎಸ್‌ಡಿ ಸತ್ತುಹೋಯಿತಾ?

ಉತ್ತರ: ಬಯೋಸ್‌ನಲ್ಲಿ ಎಸ್‌ಎಸ್‌ಡಿ ಹೆಸರು ಕಾಣುತ್ತಿದ್ದರೆ ಸತ್ತಿಲ್ಲ. ಇಂಟೆಲ್‌ನ 11ನೇ ಜನರೇಷನ್‌ನಿಂದೀಚೆಗೆ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ ಅನ್ನೋ, ಡಿಸ್ಕ್ ನಿಭಾಯಿಸುವ ವ್ಯವಸ್ಥೆ ಆನ್ ಇರುತ್ತದೆ. ಅದರ ಡ್ರೈವರ್ ಇಲ್ಲದೆ ವಿಂಡೋಸ್‌ಗೆ ಡಿಸ್ಕ್ ಕಾಣಲ್ಲ. ನಿಮ್ಮ ಮಾಡೆಲ್‌ನ ಸಪೋರ್ಟ್ ಪುಟದಿಂದ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿ, ಒಳಗಿನ ಫೈಲುಗಳನ್ನು ಬಿಡಿಸಿ (ಎಕ್ಸ್‌ಟ್ರ್ಯಾಕ್ಟ್ ಮಾಡಿ), ಅದೇ ಪೆನ್‌ಡ್ರೈವ್‌ಗೆ ಹಾಕಿ. ವಿಂಡೋಸ್ ಹಾಕುವಾಗ ಡಿಸ್ಕ್ ಪಟ್ಟಿ ಬರೋ ಪುಟದಲ್ಲೇ 'ಲೋಡ್ ಡ್ರೈವರ್' ಒತ್ತಿ ಆ ಫೈಲು ತೋರಿಸಿ.

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ಹೋಂಸ್ಟೇ ನಡೆಸುತ್ತೇವೆ. ಹಳೇ ಡೆಸ್ಕ್‌ಟಾಪ್ ಮಾರುತ್ತಿದ್ದೇವೆ. ಅತಿಥಿಗಳ ಆಧಾರ್ ಪ್ರತಿಗಳು ಅದರಲ್ಲಿದ್ದವು. ಫಾರ್ಮ್ಯಾಟ್ ಮಾಡಿದ್ದೇವೆ, ಸಾಕಾ?

ಉತ್ತರ: ಕ್ವಿಕ್ ಫಾರ್ಮ್ಯಾಟ್ ಆಗಿದ್ದರೆ ಸಾಲದು. ಪುಸ್ತಕದ ಪರಿವಿಡಿ ಮಾತ್ರ ಹರಿದು ಪುಟಗಳನ್ನು ಬಿಟ್ಟ ಹಾಗೆ ಅದು. ಉಚಿತವಾಗಿ ಸಿಗೋ ರಿಕವರಿ ತಂತ್ರಾಂಶದಿಂದಲೇ ಎಷ್ಟೋ ಫೈಲ್ ವಾಪಸ್ ಬರುತ್ತವೆ. ವಿಂಡೋಸ್ ಓಡುತ್ತಿದ್ದರೆ 'ರೀಸೆಟ್ ದಿಸ್ ಪಿಸಿ'ಯಲ್ಲಿ 'ರಿಮೂವ್ ಎವ್ರಿಥಿಂಗ್' ಆರಿಸಿ, ಸೆಟ್ಟಿಂಗ್ ಬದಲಿಸುವ ಕಡೆ 'ಕ್ಲೀನ್ ಡೇಟಾ' ಆನ್ ಮಾಡಿ. ಎಲ್ಲ ಡ್ರೈವ್‌ಗಳನ್ನೂ ಸೇರಿಸಿ. ದೊಡ್ಡ ಹಾರ್ಡ್‌ಡಿಸ್ಕಿಗೆ ಹಲವು ಗಂಟೆ ಹಿಡಿಯುತ್ತದೆ, ಯುಪಿಎಸ್ ಇರಲಿ. ಎಸ್‌ಎಸ್‌ಡಿ ಆಗಿದ್ದರೆ ಅದರ ಕಂಪನಿಯವರದೇ ಸೆಕ್ಯೂರ್ ಇರೇಸ್ (ಪೂರ್ತಿ ಅಳಿಸುವ ಸೌಲಭ್ಯ) ಬಳಸಿ.

ನನ್ನನ್ನು ಕೇಳಿದರೆ ಡಿಸ್ಕ್ ಕೊಡಲೇಬೇಡಿ. ಹಳೇ ಡೆಸ್ಕ್‌ಟಾಪ್‌ಗೆ ಸಿಗೋ ಬೆಲೆಯಲ್ಲಿ ಹಾರ್ಡ್‌ಡಿಸ್ಕಿನ ಪಾಲು ತೀರಾ ಕಮ್ಮಿ. ಸ್ಕ್ರೂ ಬಿಚ್ಚಿ, ಎರಡು ಕೇಬಲ್ ತೆಗೆದು, ಡಿಸ್ಕ್ ಇಲ್ಲ ಅಂತ ಹೇಳಿಯೇ ಮಾರಿ.