ಓದುಗರ ಪ್ರಶ್ನೆ: ಕೇಳಿದ ಕ್ಲಾಕ್ ಒಂದು, ಸಿಕ್ಕಿದ್ದು ಇನ್ನೊಂದು

ಈ ಸಲ ಆರಿಸಿಕೊಂಡ ಪ್ರಶ್ನೆಗಳೆಲ್ಲ ಲಿನಕ್ಸ್ ಕರ್ನಲ್ ಡ್ರೈವರ್‌ಗಳಲ್ಲಿ ಕ್ಲಾಕ್ (ಚಿಪ್‌ನ ಭಾಗಗಳಿಗೆ ತಾಳ ಹಾಕುವ ಮಿಡಿತ) ಹೊಂದಿಸುವುದಕ್ಕೆ ಸಂಬಂಧಿಸಿದವು.

ಪ್ರಶ್ನೆ: ಅಕ್ಕಿ ಗಿರಣಿಯ ವೇಬ್ರಿಡ್ಜ್‌ನಿಂದ ತೂಕವನ್ನು ಹೊರಗಿನ ದೊಡ್ಡ ಡಿಸ್‌ಪ್ಲೇಗೆ ಕಳಿಸುವ ಬೋರ್ಡ್ ಮಾಡಿದ್ದೇವೆ. ಮೂಲ ಕ್ಲಾಕ್ 100 ಮೆಗಾಹರ್ಟ್ಸ್. ಡ್ರೈವರ್‌ನಲ್ಲಿ ದರ ಹೊಂದಿಸುವ ಸಿಎಲ್‌ಕೆ_ಸೆಟ್_ರೇಟ್ ಫಂಕ್ಷನ್‌ಗೆ 1,84,32,000 ಹರ್ಟ್ಸ್ ಕೇಳಿದೆವು, ತಪ್ಪಿಲ್ಲ ಎಂಬ ಸೊನ್ನೆ ಬಂತು. ಯುಎಆರ್‌ಟಿ (ಸೀರಿಯಲ್ ಪೋರ್ಟ್) ಡಿವೈಸರ್‌ಗೆ, ಅಂದರೆ ಅದು ಕ್ಲಾಕನ್ನು ಭಾಗಿಸುವ ಅಂಕಿಗೆ, 10 ಬರೆದೆವು. ಆದರೂ 1,15,200 ಬಾಡ್‌ನಲ್ಲಿ (ಸೆಕೆಂಡಿಗೆ ಅಷ್ಟು ಬಿಟ್) ಬರೀ ಕಸ ಬರುತ್ತಿದೆ. ಕೇಬಲ್ ಬದಲಿಸಿದ್ದೂ ಆಯಿತು.
– ಓದುಗರು, ಗಂಗಾವತಿ

ಉತ್ತರ: ಕೇಬಲ್ ತಪ್ಪಲ್ಲ. ಸೊನ್ನೆ ಬಂತು ಅಂದರೆ ಕೇಳಿದಷ್ಟೇ ಕೊಟ್ಟೆ ಎಂದಲ್ಲ, ಕೈಲಾದಷ್ಟು ಕೊಟ್ಟೆ ಎಂದು. ನಿಮ್ಮ ಬೋರ್ಡ್‌ನ ಕ್ಲಾಕ್ ಡಿವೈಡರ್ ಪೂರ್ಣಾಂಕದಿಂದ ಮಾತ್ರ ಭಾಗಿಸಬಲ್ಲದು. 100 ಮೆಗಾಹರ್ಟ್ಸ್‌ನಿಂದ ನಿಮ್ಮ ಅಂಕಿ ಬರಬೇಕಾದರೆ 5.43ರಿಂದ ಭಾಗಿಸಬೇಕು, ಅದು ಆಗದ ಮಾತು. ಕರ್ನಲ್‌ನ ಸಾಮಾನ್ಯ ಡಿವೈಡರ್ ಕೋಡ್ ಕೇಳಿದ್ದಕ್ಕಿಂತ ಹೆಚ್ಚು ಕೊಡುವುದಿಲ್ಲ; 6ರಿಂದ ಭಾಗಿಸಿ 1,66,66,667 ಹರ್ಟ್ಸ್ ಕೊಟ್ಟಿದೆ. ನೀವು ಮಾತ್ರ ಕೇಳಿದ್ದೇ ಸಿಕ್ಕಿತೆಂದುಕೊಂಡು 10 ಬರೆದಿರಿ. ಯುಎಆರ್‌ಟಿಗೆ ಒಂದು ಬಿಟ್‌ಗೆ 16 ಮಿಡಿತ ಬೇಕು; ಸಿಕ್ಕ ದರವನ್ನು 16 ಗುಣಿಸು 10ರಿಂದ ಭಾಗಿಸಿದರೆ ಬರುವುದು 1,04,167 ಬಾಡ್, ಅಂದರೆ ಶೇ 9.6 ನಿಧಾನ. ಸ್ಟಾರ್ಟ್ ಬಿಟ್‌ನಿಂದ ಎಣಿಸಿದರೆ ಐದನೇ ಡೇಟಾ ಬಿಟ್ ಹೊತ್ತಿಗೆ ಡಿಸ್‌ಪ್ಲೇ ಪಕ್ಕದ ಬಿಟ್ಟನ್ನು ಓದುತ್ತಿರುತ್ತದೆ. ಎರಡೂ ತುದಿಯ ವ್ಯತ್ಯಾಸ ಕೂಡಿ ಶೇ 5 ಮೀರಿದರೆ ಹತ್ತು ಬಿಟ್‌ನ ಫ್ರೇಮ್ ಉಳಿಯುವುದಿಲ್ಲ. ನಿಮ್ಮ ಪಾಲು ಶೇ 2ರ ಒಳಗಿರಲಿ.

ಪರಿಹಾರ ಒಂದೇ ಸಾಲು. ಸೆಟ್_ರೇಟ್ ಆದ ಮೇಲೆ ಸಿಎಲ್‌ಕೆ_ಗೆಟ್_ರೇಟ್ ಕರೆದು, ಬಂದ ಅಂಕಿಯಿಂದ ಡಿವೈಸರ್ ಲೆಕ್ಕ ಹಾಕಿ. 1,66,66,667ಕ್ಕೆ 9.04 ಬರುತ್ತದೆ, 9 ಬರೆದರೆ 1,15,741 ಬಾಡ್, ವ್ಯತ್ಯಾಸ ಶೇ 0.47. ಹಾರ್ಡ್‌ವೇರ್ ಮುಟ್ಟದೆ ಕೆಲಸ ಮುಗಿಯಿತು.

ಇಲ್ಲಿ ಒಂದು ಮೋಜೂ ಇದೆ. ಡಿವೈಡರ್‌ಗೆ ರೌಂಡ್_ಕ್ಲೋಸೆಸ್ಟ್ ಫ್ಲ್ಯಾಗ್ ಹಾಕಿ ಹತ್ತಿರದ ದರ ತರಿಸಿದರೆ 20 ಮೆಗಾಹರ್ಟ್ಸ್ ಸಿಗುತ್ತದೆ. ಕೇಳಿದ್ದಕ್ಕೆ ಅದೇ ಹತ್ತಿರ, ಆದರೆ ಅದರಿಂದ ಸಿಗುವ ಉತ್ತಮ ಬಾಡ್ 1,13,636, ತಪ್ಪು ಶೇ 1.36. ದರ ಹತ್ತಿರವಾದಷ್ಟೂ ಬಾಡ್ ಹತ್ತಿರವಾಗುತ್ತದೆ ಎಂದೇನಿಲ್ಲ. ಬದಲಿಸುವ ಮೊದಲೇ ಸಿಎಲ್‌ಕೆ_ರೌಂಡ್_ರೇಟ್ ಕೇಳಿ ಎಷ್ಟು ಸಿಗಬಹುದೆಂದು ತಿಳಿಯಿರಿ. ಎರಡು ಮೂರು ದರಗಳಿಗೆ ಲೆಕ್ಕ ಮಾಡಿ ಆರಿಸಿ.

ಮೂಲ ಕ್ಲಾಕನ್ನೇ ಬದಲಿಸಿದರಾಯಿತಲ್ಲ ಎನ್ನಬಹುದು. ಸೆಟ್_ರೇಟ್_ಪೇರೆಂಟ್ ಫ್ಲ್ಯಾಗ್ ಹಾಕಿದರೆ ನಿಮ್ಮ ಕೋರಿಕೆ ಮೇಲಿನ ಕ್ಲಾಕ್‌ಗೂ ಹೋಗುತ್ತದೆ, ನಿಜ. ಆದರೆ ಎಡದಂಡೆ ಕಾಲುವೆಯ ನೀರು ಕಂಡವರಿಗೆ ಹೇಳಬೇಕಾಗಿಲ್ಲ: ಒಂದು ಉಪಕಾಲುವೆಗಾಗಿ ಮೇಲಿನ ಗೇಟ್ ಎತ್ತಿಳಿಸಿದರೆ ಕೆಳಗಿನವರೆಲ್ಲರ ನೀರೂ ಏರುಪೇರು. ಅದೇ 100 ಮೆಗಾಹರ್ಟ್ಸ್‌ನಿಂದ ಎಸ್‌ಡಿ ಕಾರ್ಡ್, ಎಸ್‌ಪಿಐ ನಡೆಯುತ್ತಿದ್ದರೆ ಅವುಗಳ ವೇಗವೂ ಬದಲಾಗುತ್ತದೆ. ಬೇರೆ ಯಾರೂ ಬಳಸದ ಪಿಎಲ್‌ಎಲ್ (ಬೇಕಾದ ದರದ ಕ್ಲಾಕ್ ಹುಟ್ಟಿಸುವ ಸರ್ಕ್ಯೂಟ್) ಇದ್ದರೆ ಮಾತ್ರ ಆ ಫ್ಲ್ಯಾಗ್ ಬಳಸಿ. ಸೆಟ್_ರೇಟ್ ಮೈನಸ್ 16 ಕೊಟ್ಟರೆ ಅದು ಇಬಿಸಿ (EBUSY), ಅಂದರೆ ಕ್ಲಾಕ್ ಬಳಕೆಯಲ್ಲಿದೆ, ಈಗ ಆಗದು ಎಂದು. ಚಾಲೂ ಇರುವಾಗ ದರ ಬದಲಿಸಬಾರದೆಂದು ಗುರುತಾದ ಕ್ಲಾಕ್‌ಗಳೂ ಹೀಗೆ ಹೇಳುತ್ತವೆ. ಮೊದಲು ನಿಲ್ಲಿಸಿ, ಬದಲಿಸಿ, ಮತ್ತೆ ಚಾಲೂ ಮಾಡಿ.

ಪ್ರಶ್ನೆ: ಇಂಟರಪ್ಟ್ ಹ್ಯಾಂಡ್ಲರ್ ಒಳಗೆ ಸಿಎಲ್‌ಕೆ_ಪ್ರಿಪೇರ್_ಎನೇಬಲ್ ಕರೆದರೆ ‘ಸ್ಲೀಪಿಂಗ್ ಫಂಕ್ಷನ್ ಕಾಲ್ಡ್ ಫ್ರಮ್ ಇನ್‌ವ್ಯಾಲಿಡ್ ಕಾಂಟೆಕ್ಸ್ಟ್’ ಎಂದು ಬರುತ್ತದೆ. ಹ್ಯಾಂಡ್ಲರ್‌ನಲ್ಲಿ ಸ್ಲೀಪ್ ಎಲ್ಲೂ ಇಲ್ಲವಲ್ಲ?
– ಓದುಗರು, ಸಿಂಧನೂರು

ಉತ್ತರ: ನೀವು ಬರೆದಿಲ್ಲ, ಪ್ರಿಪೇರ್ ಒಳಗಿದೆ. ಇಂಟರಪ್ಟ್ ಹ್ಯಾಂಡ್ಲರ್ ನಿದ್ದೆ ಹೋಗುವಂತಿಲ್ಲ, ಅಂದರೆ ಯಾವುದಕ್ಕೂ ಕಾಯುತ್ತ ಕೂರುವಂತಿಲ್ಲ. ಪಿಎಲ್‌ಎಲ್ ಲಾಕ್ ಆಗಲು ಕಾಯಬೇಕಾಗಬಹುದು. ಕ್ಲಾಕ್ ಕೊಡುವ ಚಿಪ್ ಐ2ಸಿ ಎಂಬ ನಿಧಾನದ ಬಸ್ ಮೇಲಿದ್ದರೆ (ಎಸ್‌ಐ5351 ಅಂಥದ್ದು) ಪ್ರತಿ ರಿಜಿಸ್ಟರ್ ಬರೆಯುವಾಗಲೂ ಬಸ್‌ಗಾಗಿ ಕಾಯಬೇಕು. ಅದಕ್ಕೇ ಕೆಲಸವನ್ನು ಎರಡಾಗಿ ಒಡೆದಿದ್ದಾರೆ: ಪ್ರಿಪೇರ್‌ಗೆ ಮ್ಯೂಟೆಕ್ಸ್, ಅದು ನಿದ್ದೆ ಹೋಗಬಹುದು, ಎನೇಬಲ್‌ಗೆ ಸ್ಪಿನ್‌ಲಾಕ್, ಅದು ಹೋಗಬಾರದು. ಡ್ರೈವರ್ ಶುರುವಾಗುವಾಗ ಓಡುವ ಪ್ರೋಬ್‌ನಲ್ಲೇ ಸಿಎಲ್‌ಕೆ_ಪ್ರಿಪೇರ್ ಮುಗಿಸಿ, ಹ್ಯಾಂಡ್ಲರ್‌ನಲ್ಲಿ ಸಿಎಲ್‌ಕೆ_ಎನೇಬಲ್ ಮಾತ್ರ ಕರೆಯಿರಿ. ಚಿಪ್ ಐ2ಸಿ ಮೇಲಿದ್ದರೆ ಅದಕ್ಕೆ ಎನೇಬಲ್ ಎಂಬ ಪ್ರತ್ಯೇಕ ಕೆಲಸವೇ ಇರದಿರಬಹುದು, ಪ್ರಿಪೇರ್‌ನಲ್ಲೇ ಕ್ಲಾಕ್ ಹರಿಯತೊಡಗುತ್ತದೆ. ಆಗ ನಿದ್ದೆ ಹೋಗಬಲ್ಲ ಥ್ರೆಡೆಡ್ ಇಂಟರಪ್ಟ್‌ಗೆ ಬದಲಿಸುವುದೇ ಸರಿ.

ಅನೇಕರು ಎಡವುವ ಇನ್ನೊಂದು ಜಾಗ: ಗೆಟ್_ರೇಟ್ ಕೂಡ ಅದೇ ಮ್ಯೂಟೆಕ್ಸ್ ಹಿಡಿಯುತ್ತದೆ. ಬರೀ ಓದುವುದು ತಾನೇ ಎಂದು ಹ್ಯಾಂಡ್ಲರ್‌ನಲ್ಲಿ ಹಾಕಬೇಡಿ. ಪ್ರೋಬ್‌ನಲ್ಲಿ ಓದಿ ಡ್ರೈವರ್‌ನ ಸ್ಟ್ರಕ್ಚರ್‌ನಲ್ಲಿ ಇಟ್ಟುಕೊಳ್ಳಿ.

ಪ್ರಶ್ನೆ: ಜೀನ್ಸ್ ಘಟಕದ ಎಂಬ್ರಾಯ್ಡರಿ ಮಷೀನ್‌ಗೆ ಹೊಸ ಡಿಸ್‌ಪ್ಲೇ ಬೋರ್ಡ್ ಕೂರಿಸಿದ್ದೇವೆ. ಬೂಟ್‌ಲೋಡರ್ ಲೋಗೊ ಬರುತ್ತದೆ, ಕರ್ನಲ್ ಬೂಟ್ ಮುಗಿಯುವ ಹೊತ್ತಿಗೆ ಪರದೆ ಕಪ್ಪು. ಸಿಎಲ್‌ಕೆ_ಇಗ್ನೋರ್_ಅನ್‌ಯೂಸ್ಡ್ ಎಂದು ಬೂಟ್ ಆಯ್ಕೆ ಕೊಟ್ಟರೆ ಸರಿ. ಹಾಗೇ ಬಿಡಬಹುದೇ?
– ಓದುಗರು, ಬಳ್ಳಾರಿ

ಉತ್ತರ: ಬಿಡಬೇಡಿ. ಆ ಆಯ್ಕೆ ರೋಗ ಪತ್ತೆಗೆ, ಔಷಧಿಗಲ್ಲ. ಬೂಟ್‌ಲೋಡರ್ ಚಾಲೂ ಮಾಡಿದ ಕ್ಲಾಕನ್ನು ಕರ್ನಲ್‌ನಲ್ಲಿ ಯಾವ ಡ್ರೈವರೂ ತನ್ನದೆಂದು ಹೇಳಿಕೊಂಡಿಲ್ಲ. ಡ್ರೈವರ್‌ಗಳೆಲ್ಲ ಶುರುವಾದ ಮೇಲೆ ಕರ್ನಲ್ ಹೀಗೆ ವಾರಸುದಾರರಿಲ್ಲದ ಕ್ಲಾಕ್‌ಗಳನ್ನು ನಿಲ್ಲಿಸಿಬಿಡುತ್ತದೆ. ಯಾವುದು ಎಂದು ನೋಡಲು ಆ ಆಯ್ಕೆಯೊಂದಿಗೇ ಬೂಟ್ ಮಾಡಿ, ರೂಟ್ ಆಗಿ /ಸಿಸ್/ಕರ್ನಲ್/ಡೀಬಗ್/ಸಿಎಲ್‌ಕೆ/ಸಿಎಲ್‌ಕೆ_ಸಮ್ಮರಿ ತೆರೆಯಿರಿ. ಪ್ರತಿ ಕ್ಲಾಕ್‌ನ ಎನೇಬಲ್ ಎಣಿಕೆ, ಪ್ರಿಪೇರ್ ಎಣಿಕೆ, ದರ ಸಾಲಾಗಿ ಇರುತ್ತವೆ. ಮೂಲ ಕ್ಲಾಕ್ ಕೆಳಗೆ ಮರಿ ಕ್ಲಾಕ್‌ಗಳು ಒಳಸರಿದು ಕಾಣುತ್ತವೆ. ಡಿಸ್‌ಪ್ಲೇಗೆ ಸಂಬಂಧಿಸಿದ್ದರಲ್ಲಿ ಎನೇಬಲ್ ಎಣಿಕೆ 0 ಇರುವುದೇ ಕಳ್ಳ.

ಡಿಸ್‌ಪ್ಲೇ ಡ್ರೈವರ್ ಇದ್ದರೆ ಡಿವೈಸ್ ಟ್ರೀಯಲ್ಲಿ (ಬೋರ್ಡ್‌ನಲ್ಲಿ ಏನೇನಿದೆ ಎಂದು ಕರ್ನಲ್‌ಗೆ ಹೇಳುವ ವಿವರಣೆ) ಅದರ ಕ್ಲಾಕ್ಸ್ ಸಾಲಿಗೆ ಇದನ್ನು ಸೇರಿಸಿ, ಡ್ರೈವರ್‌ನಲ್ಲಿ ಅದನ್ನು ಪಡೆದು ಎನೇಬಲ್ ಮಾಡಿ. ಬೂಟ್‌ಲೋಡರ್ ಬಿಟ್ಟುಹೋದ ಫ್ರೇಮ್‌ಬಫರನ್ನೇ (ಪರದೆಯ ಚಿತ್ರವಿರುವ ಮೆಮೊರಿ) ಬಳಸುತ್ತಿದ್ದರೆ ಸಿಂಪಲ್-ಫ್ರೇಮ್‌ಬಫರ್ ನೋಡ್‌ಗೂ ಕ್ಲಾಕ್ಸ್ ಸಾಲು ಕೊಡಬಹುದು. ಕ್ಲಾಕನ್ನು ಎಂದೂ ನಿಲ್ಲಿಸಬಾರದೆಂದು ಹೇಳುವ ಈಸ್_ಕ್ರಿಟಿಕಲ್ ಫ್ಲ್ಯಾಗ್ ಹಾಕುವ ಆಸೆಯಾಗುತ್ತದೆ. ಆ ಫ್ಲ್ಯಾಗನ್ನು, ನಿಲ್ಲಿಸಿದರೆ ಇಡೀ ವ್ಯವಸ್ಥೆಯೇ ನಿಂತುಹೋಗುವಂಥ ಕ್ಲಾಕ್‌ಗಳಿಗೆ ಮೀಸಲಿಡಿ.

ಪ್ರಶ್ನೆ: ಪ್ರೊಸೆಸರ್ ವೇಗ ಏರಿಳಿದಾಗ ಸೀರಿಯಲ್ ಪೋರ್ಟ್ ಕೆಡುತ್ತದೆ. ಬೇಸಿಗೆಯ ಬಿಸಿ ಕಾರಣವೇ?
– ಓದುಗರು, ರಾಯಚೂರು

ಉತ್ತರ: ಬಿಸಿಗೆ ಪ್ರೊಸೆಸರ್ ವೇಗ ಇಳಿದಾಗಲೂ ಹೀಗಾಗಬಹುದು, ಆದರೆ ಬೇರು ಅದಲ್ಲ. ಪ್ರೊಸೆಸರ್, ಸೀರಿಯಲ್ ಪೋರ್ಟ್ ಎರಡಕ್ಕೂ ಒಂದೇ ಪಿಎಲ್‌ಎಲ್ ಇದೆಯೇ ಎಂದು ಮೇಲೆ ಹೇಳಿದ ಸಿಎಲ್‌ಕೆ_ಸಮ್ಮರಿಯಲ್ಲಿ ನೋಡಿ. ಇದ್ದರೆ ಡ್ರೈವರ್‌ನಲ್ಲಿ ಕ್ಲಾಕ್ ನೋಟಿಫೈಯರ್ ನೋಂದಾಯಿಸಿ: ದರ ಬದಲಾಗುವ ಮುನ್ನ ಬರುವ ಸೂಚನೆಯಲ್ಲಿ, ಹೊಸ ದರದಿಂದ ಬೇಕಾದ ಬಾಡ್ ಬರುವುದೇ ಎಂದು ಲೆಕ್ಕ ಹಾಕಿ, ಬರದಿದ್ದರೆ ನಿರಾಕರಿಸಿ, ಬದಲಾದ ನಂತರದ ಸೂಚನೆಯಲ್ಲಿ ಡಿವೈಸರ್ ಮತ್ತೆ ಬರೆಯಿರಿ. ಝಿಂಕ್ (Zynq) ಎಂಬ ಚಿಪ್‌ಗಳ ಸೀರಿಯಲ್ ಡ್ರೈವರ್ ಇದನ್ನೇ ಮಾಡುತ್ತದೆ, ಅದರ ಕೋಡ್ ನೋಡಿ ಬರೆಯುವುದು ಸುಲಭ. ದರ ಬದಲಾಗಲೇಬಾರದು ಎಂದಿದ್ದರೆ ದರವನ್ನು ಬೇರೆಯವರು ಬದಲಿಸದಂತೆ ಹಿಡಿದಿಡುವ ಸಿಎಲ್‌ಕೆ_ರೇಟ್_ಎಕ್ಸ್‌ಕ್ಲೂಸಿವ್_ಗೆಟ್ ಇದೆ. ಆಗ ಆ ಪಿಎಲ್‌ಎಲ್ ಬದಲಿಸಿ ಪ್ರೊಸೆಸರ್ ವೇಗ ಏರಿಸಲು ಆಗುವುದಿಲ್ಲ, ಅದಕ್ಕೆ ಒಪ್ಪಿಗೆಯಿದ್ದರೆ ಮಾತ್ರ ಬಳಸಿ.